ಹನ್ನೊಂದು ಗಂಟೆಯ ಅಳುವಿಗೆ ಮದ್ದು ಒಂಬತ್ತೂವರೆಯಲ್ಲಿದೆ

ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ಓದುಗರೊಬ್ಬರ ಪತ್ರ: "ಎರಡು ತಿಂಗಳಿಂದ ನಮ್ಮ ತೋಟದ ಮನೆಯಲ್ಲೇ ನಾಲ್ಕು ಮಕ್ಕಳನ್ನು ನೋಡಿಕೊಳ್ಳುತ್ತಿದ್ದೇನೆ. ಸಣ್ಣವನಿಗೆ 14 ತಿಂಗಳು, ಉಳಿದವರು ಒಂದೂವರೆಯಿಂದ ಎರಡೂವರೆ ವರ್ಷದವರು. ಒಂಬತ್ತಕ್ಕೆ ಎಲ್ಲರೂ ಸೇರುತ್ತಾರೆ. ಹತ್ತೂವರೆಗೆ ಹಾಲು-ಬಿಸ್ಕೆಟು, ಒಂದು ಗಂಟೆಗೆ ಊಟ ಎಂದು ಗೋಡೆಗೆ ಚಾರ್ಟ್ ಅಂಟಿಸಿದ್ದೇನೆ. ಆದರೆ ಹನ್ನೊಂದಕ್ಕೇ ಎಲ್ಲರೂ ಅಳಲು ಶುರು. ಊಟ ಮುಗಿಯಲು ಒಂದು ಗಂಟೆ ಸಾಲುವುದಿಲ್ಲ, ಒಬ್ಬನನ್ನು ಮಲಗಿಸಿದರೆ ಇನ್ನೊಬ್ಬ ಏಳುತ್ತಾನೆ. ಅತ್ತೆಯವರು ಬೆಳಗ್ಗೆ ಎರಡು ಗಂಟೆ ಜೊತೆಗಿರುತ್ತಾರೆ. ಐದನೆಯ ಮಗುವನ್ನು ಸೇರಿಸಿಕೊಳ್ಳಿ ಎಂದು ಒಬ್ಬರು ಕೇಳುತ್ತಿದ್ದಾರೆ. ಏನು ಮಾಡಲಿ?"

ಸಂಪಾದಕರ ಉತ್ತರ

ನಿಮ್ಮ ಚಾರ್ಟಿನಲ್ಲಿ ತಿಂಡಿ ತಡವಾಗಿದೆ, ಊಟ ಇನ್ನೂ ತಡವಾಗಿದೆ. ಉಳಿದ ತೊಂದರೆಗಳೆಲ್ಲ ಅದರ ಹಿಂದೆಯೇ ಬಂದವು. ಆರು ಗಂಟೆಗೆ ಎದ್ದು ಏಳಕ್ಕೆ ಒಂದಿಷ್ಟು ತಿಂದು ಬಂದ ಮಗುವಿಗೆ ಒಂಬತ್ತೂವರೆಗೆ ಹಸಿವಾಗುತ್ತದೆ. ಹನ್ನೊಂದರ ಹೊತ್ತಿಗೆ ಹಸಿವು, ನಿದ್ದೆ ಎರಡೂ ಒಟ್ಟಿಗೆ ಮೇಲೆ ಬೀಳುತ್ತವೆ. ಹತ್ತೂವರೆಯ ಹಾಲು ಹೊಟ್ಟೆ ತುಂಬಿಸಿ ಅನ್ನದ ಹಸಿವನ್ನು ಕೊಲ್ಲುತ್ತದೆ, ಒಂದು ಗಂಟೆಗೆ ತಟ್ಟೆಯ ಮುಂದೆ ಕೂತಾಗ ಮಗು ತೂಕಡಿಸುತ್ತಿರುತ್ತದೆ. ತೂಕಡಿಸುವ ಮಗುವಿಗೆ ಯಾರೂ ಉಣಿಸಲಾರರು.

ಗಡಿಯಾರ ಹಿಂದೆ ಮುಂದೆ ಆಗಲಿ, ಅನುಕ್ರಮ ಮಾತ್ರ ತಪ್ಪದಿರಲಿ: ತಿಂಡಿ, ಆಟ, ಊಟ, ಕೈಕಾಲು ತೊಳೆಯುವುದು, ನಿದ್ದೆ. ಈ ವಯಸ್ಸಿನ ಮಗುವಿಗೆ ಗಂಟೆ ತಿಳಿಯದು. "ಇದಾದ ಮೇಲೆ ಅದು" ಎಂಬುದು ಎರಡೇ ವಾರದಲ್ಲಿ ತಿಳಿಯುತ್ತದೆ, ಆಮೇಲೆ ತಟ್ಟೆ ತೊಳೆಯುವ ಸದ್ದಿಗೇ ಅದು ಚಾಪೆಯತ್ತ ನಡೆಯುತ್ತದೆ.

ತಿಂಡಿ ಒಂಬತ್ತೂವರೆಗೆ ಆಗಿಬಿಡಲಿ. ಬಿಸ್ಕೆಟಿನ ಬದಲು ರಾಗಿ ಮಣ್ಣಿ ಮಾಡಿ. ನಾಲ್ವರಿಗೆ ಆರು ದೊಡ್ಡ ಚಮಚ ರಾಗಿ ಹುಡಿಯನ್ನು ಮೊದಲು ತಣ್ಣೀರಲ್ಲಿ ಕದಡಿ, ಒಟ್ಟು ಮೂರು ಲೋಟ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಎಂಟು-ಹತ್ತು ನಿಮಿಷ ತಿರುವುತ್ತ ಬೇಯಿಸಿ. ಬಿಸಿನೀರಿಗೆ ಹುಡಿ ಸುರಿದರೆ ಗಂಟು ಕಟ್ಟುತ್ತದೆ. ಹಬೆಯಲ್ಲಿ ಬೇಯಿಸಿದ ನೇಂದ್ರ ಬಾಳೆಹಣ್ಣೂ ಒಳ್ಳೆಯದು. ಹಾಲನ್ನು ನಿದ್ದೆಯಿಂದ ಎದ್ದ ಮೇಲೆ ಕೊಡಿ.

14 ತಿಂಗಳವನಿಗೆ ತಿಂಡಿಯಾದ ಕೂಡಲೇ ಅರ್ಧ ಗಂಟೆ ನಿದ್ದೆ ಇನ್ನೂ ಬೇಕು. ಹತ್ತೂಕಾಲಿಗೆ ಎಬ್ಬಿಸಿಬಿಡಿ, ಇಲ್ಲದಿದ್ದರೆ ಮಧ್ಯಾಹ್ನ ಉಳಿದವರೊಂದಿಗೆ ಮಲಗುವುದಿಲ್ಲ. ಹೆಚ್ಚಿನ ಮಕ್ಕಳು ಒಂದೂವರೆ ವರ್ಷದೊಳಗೆ ಈ ಬೆಳಗಿನ ನಿದ್ದೆಯನ್ನು ತಾವಾಗಿಯೇ ಬಿಡುತ್ತಾರೆ.

ಊಟ ಹನ್ನೊಂದೂವರೆಗೆ. ಕುಚ್ಚಿಲಕ್ಕಿ ಬೇಯಲು ಹೊತ್ತು ಬೇಕು, ಮಕ್ಕಳು ಸುತ್ತ ಓಡಾಡುವಾಗ ಒಲೆಯ ಮುಂದೆ ನಿಲ್ಲುವಂತಿಲ್ಲ. ಥರ್ಮಲ್ ರೈಸ್ ಕುಕ್ಕರ್ (ಬಿಸಿ ಆರದಂತೆ ಪಾತ್ರೆ ಇಡುವ ಪೆಟ್ಟಿಗೆ) ಇದ್ದರೆ ಮೊದಲ ಮಗು ಬರುವ ಮುನ್ನ ಅಕ್ಕಿ ಕುದಿಸಿ ಪೆಟ್ಟಿಗೆಯೊಳಗಿಡಿ, ಬಡಿಸುವವರೆಗೆ ಮುಚ್ಚಳ ತೆಗೆಯಬೇಡಿ. ಉಗುರುಬೆಚ್ಚಗೆ ತೆರೆದಿಟ್ಟ ಅನ್ನ ಎರಡು ಗಂಟೆ ದಾಟಿದರೆ ಮಕ್ಕಳಿಗೆ ಕೊಡಬಾರದು, ಅದರಲ್ಲಿ ಬೆಳೆಯುವ ರೋಗಾಣುವಿನ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಗಂಜಿಯ ತಿಳಿಯನ್ನಷ್ಟೇ ಕುಡಿಸುವ ರೂಢಿ ಕೆಲವು ಮನೆಗಳಲ್ಲಿದೆ. ಅದು ನೀರು, ಊಟವಲ್ಲ. ಅನ್ನವನ್ನು ಬೇಳೆ, ತರಕಾರಿ, ಅರ್ಧ ಚಮಚ ತುಪ್ಪದೊಂದಿಗೆ ದಪ್ಪಗೆ ಕಿವುಚಿ. ಎರಡು ವರ್ಷದೊಳಗಿನವರಿಗೆ ಒಂದು ಊಟಕ್ಕೆ 250 ಮಿಲಿ ಬಟ್ಟಲಿನ ಮುಕ್ಕಾಲು ಭಾಗದಿಂದ ಒಂದು ಬಟ್ಟಲು ಸಾಕು. ಒಬ್ಬೊಬ್ಬರಿಗೇ ತುತ್ತಿಡುತ್ತ ಹೋದರೆ ಗಂಟೆ ಸಾಲದು. ನಾಲ್ವರನ್ನೂ ಅರ್ಧ ವೃತ್ತವಾಗಿ ಚಾಪೆಯ ಮೇಲೆ ಕೂರಿಸಿ, ಅಂಚು ಎತ್ತರದ ತಟ್ಟೆಯಲ್ಲಿ ಮೊದಲು ಎರಡೇ ಚಮಚ ಹಾಕಿ. ಕೈಯಿಂದ ತಿನ್ನಲಿ, ಚೆಲ್ಲಲಿ. ನಡುನಡುವೆ ನೀವು ತುತ್ತು ಕೊಡಿ. 25 ನಿಮಿಷಕ್ಕೆ ತಟ್ಟೆ ಎತ್ತಿ. ಉಳಿಸಿದರೆ ಮೂರು ಗಂಟೆಯ ತಿಂಡಿಗೆ ಹಸಿದು ಬರುತ್ತದೆ. ಮೊಬೈಲು ತೋರಿಸಿ ಉಣಿಸಬೇಡಿ. ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಅತ್ತೆಯವರ ಎರಡು ಗಂಟೆಯನ್ನು ಬೆಳಗ್ಗೆಯಿಂದ ತೆಗೆದು ಹನ್ನೊಂದರಿಂದ ಒಂದಕ್ಕೆ ಇಡಿ. ನಾವು ಹೇಳುವುದರಲ್ಲಿ ಮುಖ್ಯವಾದದ್ದು ಇದೇ. ಒಂದು ಮಗುವನ್ನು ಬಚ್ಚಲಿಗೆ ಕರೆದೊಯ್ದಾಗ ಉಳಿದ ಮೂವರ ಮೇಲೆ ಕಣ್ಣಿರುವುದಿಲ್ಲ, ಅವಘಡಗಳಾಗುವುದು ಆ ಹೊತ್ತಿನಲ್ಲಿ. ಇದು ಸರಿಹೋಗುವವರೆಗೆ ಐದನೆಯ ಮಗು ಬೇಡ. ವರ್ಷ ತುಂಬದ ಮಗುವಾದರೆ ಎರಡೆಂದೇ ಲೆಕ್ಕ ಹಿಡಿಯಿರಿ.

ಹನ್ನೆರಡೂಕಾಲಿಗೆ ಕಿಟಕಿ ಅರ್ಧ ಮುಚ್ಚಿ, ಫ್ಯಾನ್ ಹಾಕಿ. ಪ್ರತಿಯೊಬ್ಬರಿಗೂ ಅದೇ ಜಾಗ, ಮನೆಯಿಂದ ತಂದ ಅದೇ ಹೊದಿಕೆ. ಬೇಗ ನಿದ್ದೆ ಹೋಗುವವರನ್ನು ಮೊದಲು ಮಲಗಿಸಿ. ಎರಡೂವರೆ ವರ್ಷದವರು 20 ನಿಮಿಷವಾದರೂ ನಿದ್ದೆ ಹೋಗದಿದ್ದರೆ ಜಗಲಿಯ ಬಾಗಿಲ ಹತ್ತಿರ ಚಿತ್ರಪುಸ್ತಕ ಕೊಟ್ಟು ಕೂರಿಸಿ. ಒತ್ತಾಯಿಸಿದರೆ ಆ ಅಳುವಿಗೆ ಮೂವರೂ ಏಳುತ್ತಾರೆ. ಎರಡೂವರೆ ಗಂಟೆಗೆ ಎಲ್ಲರನ್ನೂ ಎಬ್ಬಿಸಿ, ಇಲ್ಲವಾದರೆ ರಾತ್ರಿ ಹತ್ತಾದರೂ ಮಲಗುವುದಿಲ್ಲ ಎಂಬ ದೂರು ಮನೆಗಳಿಂದ ಬರುತ್ತದೆ.

ಡೈಪರನ್ನು ಎರಡು-ಮೂರು ಗಂಟೆಗೊಮ್ಮೆ ಬದಲಿಸಿ. ನಮ್ಮ ಕಡೆಯ ಸೆಕೆಗೆ ತೊಡೆಸಂದು ಬೇಗ ಕೆಂಪಾಗುತ್ತದೆ, ತೊಳೆದು ಒರೆಸಿ ಹತ್ತು ನಿಮಿಷ ಗಾಳಿಗೆ ಬಿಡಿ. ಒಂದು ಮಗುವಿನದಾದ ಮೇಲೆ ಸೋಪು ಹಾಕಿ 20 ಸೆಕೆಂಡು ಕೈ ತೊಳೆಯದೆ ಇನ್ನೊಂದನ್ನು ಮುಟ್ಟಬೇಡಿ. ಒಬ್ಬನ ಭೇದಿ ನಾಲ್ವರಿಗೂ ಹರಡುವುದು ಈ ಕೈಯಿಂದಲೇ. ಭೇದಿಯಾದ ಮಗುವನ್ನು ಮನೆಗೆ ಕಳುಹಿಸಿ. ಕರೆದೊಯ್ಯಲು ಬರುವವರೆಗೆ ಪ್ರತಿ ಸಲ ಭೇದಿಯಾದ ಮೇಲೆ ಒಆರ್‌ಎಸ್ ಕೊಡಿ: ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿ, ಮೇಲ್ಪಟ್ಟವರಿಗೆ 100ರಿಂದ 200 ಮಿಲಿ, ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ.

ಮಕ್ಕಳ ಮಾತನ್ನೂ ಬರೆದಿಟ್ಟುಕೊಳ್ಳಿ. ತುಳು ಮನೆಯ ಮಗು "ಬಡವಾಪುಂಡು" ಎಂದರೆ ಹಸಿವು. ಮಲಯಾಳ ಮಾತಾಡುವ ಮಗು "ಮುಳ್ಳಣಂ" ಎಂದರೆ ಕಾಲಿಗೆ ಮುಳ್ಳು ಹೊಕ್ಕಿಲ್ಲ, ಅದಕ್ಕೆ ಮೂತ್ರಕ್ಕೆ ಹೋಗಬೇಕಾಗಿದೆ. ಅಷ್ಟು ಅರ್ಥವಾಗದೆ ಚಡ್ಡಿ ಒದ್ದೆಯಾದರೆ ತಪ್ಪು ಮಗುವಿನದಲ್ಲ.

ತೋಟದ ಮನೆಯಾದ್ದರಿಂದ ಕೆಲವು ವಿಷಯಗಳಲ್ಲಿ ರಿಯಾಯಿತಿ ಬೇಡ. ಬಾವಿಕಟ್ಟೆಗೆ ಬಲೆ, ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರು ಬೀಳುವ ಟ್ಯಾಂಕಿಗೆ ಬೀಗ. ಬಚ್ಚಲಲ್ಲಿ ನೀರು ತುಂಬಿದ ಬಕೆಟ್ ಇಡಬೇಡಿ, ಗೇಣುದ್ದ ನೀರು ಕೂಡ ಬೇಡ. ಅಡಿಕೆಗೆ ಸಿಂಪಡಿಸುವ ಮದ್ದಿನ ಮೈಲುತುತ್ತು, ರಬ್ಬರ್ ಹಾಲಿಗೆ ಹಾಕುವ ಆಸಿಡ್ ಮನೆಯೊಳಗೇ ಇರಬಾರದು. ಆಸಿಡ್ ನೋಡಲು ನೀರಿನಂತೆಯೇ ಇರುತ್ತದೆ. ಅಂಗಳದಲ್ಲಿ ಒಣಹಾಕಿದ ಅಡಿಕೆ, ಹಲಸಿನ ಬೇಳೆ, ರಂಬುಟಾನ್ ಬೀಜ, ಇಡೀ ನೆಲಗಡಲೆ ಇವೆಲ್ಲ ಗಂಟಲಿಗೆ ಸಿಕ್ಕಿಕೊಳ್ಳುವ ಅಳತೆಯವು. ವರ್ಷ ದಾಟಿದ ಮಗುವಿಗೆ ಸಿಕ್ಕಿಕೊಂಡು ಕೆಮ್ಮಲೂ ಆಗದಿದ್ದರೆ, ಮುಂದಕ್ಕೆ ಬಾಗಿಸಿ ಎರಡು ಭುಜದೆಲುಬುಗಳ ನಡುವೆ ಅಂಗೈ ಬುಡದಿಂದ ಐದು ಸಲ ಬಲವಾಗಿ ಗುದ್ದಿ. ಹೊರಬರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗವನ್ನು ಐದು ಸಲ ಒಳಗೆ-ಮೇಲಕ್ಕೆ ಒತ್ತಿ. ಹೀಗೆ ಬದಲಿಸುತ್ತಲೇ ಇರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಬಾಯಿಗೆ ಕುರುಡಾಗಿ ಬೆರಳು ಹಾಕಬೇಡಿ.

ಬಾಗಿಲ ಬಳಿ ಒಂದು ಪುಸ್ತಕವಿರಲಿ. ಬೆಳಗ್ಗೆ ತಾಯಿಯನ್ನು ಕೇಳಿ ಬರೆಯಿರಿ: ಎಷ್ಟಕ್ಕೆ ಎದ್ದಿತು, ಏನು ತಿಂದಿತು, ಮಲವಿಸರ್ಜನೆ ಆಗಿದೆಯೇ, ಮದ್ದು ಕೊಟ್ಟಿದ್ದಾರೆಯೇ. ಸಂಜೆ ನಿಮ್ಮ ಕಡೆಯಿಂದ ಅದೇ ಸಾಲಿಗೆ ಎಷ್ಟು ಉಂಡಿತು, ಎಷ್ಟು ಮಲಗಿತು ಎಂದು ಸೇರಿಸಿ. ತಾಯಿ ಕಣ್ತಪ್ಪಿಸಿ ಹೋಗದಿರಲಿ. "ಸಂಜೆ ಬರುತ್ತೇನೆ" ಎಂದು ಹೇಳಿ ಎರಡು ನಿಮಿಷದಲ್ಲಿ ಹೊರಡಲಿ. ಹೇಳದೆ ಹೋದರೆ ಮಗು ಮರುದಿನ ಬಾಗಿಲನ್ನೇ ಕಾಯುತ್ತ ಕೂರುತ್ತದೆ.

ಒಂದು ವಾರ ಹೀಗೆ ನಡೆಸಿ ಆ ಪುಸ್ತಕದ ಪುಟಗಳ ನಕಲನ್ನು ನಮಗೆ ಕಳುಹಿಸಿ. ಸಣ್ಣವನ ಬೆಳಗಿನ ನಿದ್ದೆಯನ್ನು ಯಾವಾಗ ನಿಲ್ಲಿಸಬಹುದು ಎಂಬುದನ್ನು ಅದನ್ನು ನೋಡಿ ಹೇಳುತ್ತೇವೆ.