ಟ್ರ್ಯಾಕ್ಟರಿಗೆ ಯಾವ ಹೈಡ್ರಾಲಿಕ್ ಆಯಿಲ್? ಬರೀ ನಂಬರ್ ನೋಡಿ ತರಬೇಡಿ

ಪ್ರಶ್ನೆ: ನನ್ನದು 45 ಎಚ್‌ಪಿ ಟ್ರ್ಯಾಕ್ಟರ್, ಆಯಿಲ್ ಬ್ರೇಕ್ ಇದೆ. ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಭತ್ತದ ಗದ್ದೆ ಕೆಸರು ಮಾಡಿದ ಮೇಲೆ ಹೈಡ್ರಾಲಿಕ್ ಆಯಿಲ್ ಬದಲಿಸಿದೆ. ಅಂಗಡಿಯವರು 68 ನಂಬರ್ ಕೊಟ್ಟರು, ಕಡಿಮೆ ಬಿದ್ದಿದ್ದಕ್ಕೆ ಮನೆಯಲ್ಲಿದ್ದ 90 ನಂಬರ್ ಗೇರ್ ಆಯಿಲ್ ಸೇರಿಸಿದೆ. ಈಗ ಬ್ರೇಕ್ ತುಳಿದರೆ ಕಿರ್ ಅಂತ ಕೂಗುತ್ತದೆ. ಲಿಫ್ಟ್ ಬೆಳಿಗ್ಗೆ ಚೆನ್ನಾಗಿ ಎತ್ತುತ್ತದೆ, ಬಿಸಿಯಾದ ಮೇಲೆ ಒದ್ದಾಡುತ್ತದೆ. ಆಯಿಲ್‌ನದೇ ತಪ್ಪಾ?
– ಓದುಗರು, ಸಿಂಧನೂರು

ಉತ್ತರ: ಬ್ರೇಕ್ ಕೂಗುವುದಕ್ಕೆ ಆಯಿಲ್ಲೇ ಕಾರಣ ಇರಬೇಕು. 68 ಅನ್ನೋದು ಆಯಿಲ್ ಎಷ್ಟು ಗಟ್ಟಿ ಅನ್ನುವುದನ್ನು ಮಾತ್ರ ಹೇಳುತ್ತದೆ, 90 ಕೂಡ ಹಾಗೇ. ಪ್ರೆಸ್ ಮಷೀನಿನಂಥದ್ದಕ್ಕೆ 68 ಸರಿಹೋಗಬಹುದು. ಆದರೆ ನಿಮ್ಮ ಟ್ರ್ಯಾಕ್ಟರಿನಲ್ಲಿ ಗೇರ್, ಡಿಫರೆನ್ಷಿಯಲ್, ಲಿಫ್ಟ್, ಬ್ರೇಕ್ ಪ್ಲೇಟು ಎಲ್ಲ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಗೇರ್ ಹಲ್ಲು ಸವೆಯಬಾರದು, ಆದರೆ ಬ್ರೇಕ್ ಪ್ಲೇಟು ಹಿಡಿಯಬೇಕು. ಎರಡನ್ನೂ ಮಾಡುವ ಆಯಿಲ್ಲೇ ಬೇರೆ, ಅದಕ್ಕೆ ಯುಟಿಟಿಒ (UTTO) ಅಂತಾರೆ. ಡಬ್ಬದ ಮೇಲೆ ಅದು ಬರೆದಿರಬೇಕು, ಜೊತೆಗೆ ನಿಮ್ಮ ಟ್ರ್ಯಾಕ್ಟರ್ ಪುಸ್ತಕದಲ್ಲಿ ಹೇಳಿದ ಸ್ಪೆಸಿಫಿಕೇಶನ್ನೂ ಇರಬೇಕು. ಜಾನ್ ಡಿಯರ್ ಕಂಪನಿಯ ಜೆ20ಸಿ ಅಥವಾ ಮ್ಯಾಸಿ ಫರ್ಗುಸನ್ ಕಂಪನಿಯ ಎಂ1135 ಥರದ್ದು. ಬಣ್ಣ ನೋಡಿ ತರಬೇಡಿ.

90 ನಂಬರಿನಲ್ಲಿ ಜಿಎಲ್-5 (ಗೇರ್ ಆಯಿಲ್‌ನ ಒಂದು ದರ್ಜೆ) ಅಂತ ಬರೆದದ್ದು ಇನ್ನೂ ಕೆಟ್ಟದ್ದು, ಕಂಚು ಹಿತ್ತಾಳೆಯ ಬುಷ್ಷನ್ನು ಅದು ತಿನ್ನಬಹುದು.

ಈಗಿರುವುದನ್ನು ಪೂರ್ತಿ ಇಳಿಸಿ. ಒಂದು ತಾಸು ಕೆಲಸ ಮಾಡಿ ಆಯಿಲ್ ಬಿಸಿ ಇದ್ದಾಗಲೇ, ಲಿಫ್ಟ್ ಕೆಳಗೆ ಬಿಟ್ಟು, ಎಲ್ಲಾ ಡ್ರೈನ್ ಬೋಲ್ಟ್ ಬಿಚ್ಚಿ. ಒಂದೇ ಬೋಲ್ಟ್ ಬಿಚ್ಚಿದರೆ ಅರ್ಧ ಆಯಿಲ್ ಒಳಗೇ ಉಳಿಯಬಹುದು. ಸ್ಟ್ರೇನರ್ (ಕಸ ಹಿಡಿಯುವ ಜಾಲರಿ) ತೊಳೆಯಿರಿ, ಫಿಲ್ಟರ್ ಹೊಸದು ಹಾಕಿ. ಆಮೇಲೂ ಕೂಗಿದರೆ ಪ್ಲೇಟು ತೋರಿಸಬೇಕಾಗುತ್ತದೆ.

ಲಿಫ್ಟ್ ಬಿಸಿಯಾದ ಮೇಲೆ ಸೋಲುವುದಕ್ಕೆ ಆಯಿಲ್ ಒಂದೇ ಕಾರಣ ಇರಲಿಕ್ಕಿಲ್ಲ. ಪಂಪ್ ಸವೆದಿದ್ದರೆ, ಸೀಲ್ ಹೋಗಿದ್ದರೆ ಬಿಸಿಗೆ ಆಯಿಲ್ ತೆಳುವಾಗಿ ಒಳಗೇ ಸೋರುತ್ತದೆ. ಸರಿಯಾದ ಆಯಿಲ್ ಹಾಕಿದ ಮೇಲೂ ಹಾಗೇ ಇದ್ದರೆ ಪ್ರೆಶರ್ ಚೆಕ್ ಮಾಡಿಸಿ. ದಯವಿಟ್ಟು ಗಟ್ಟಿ ಆಯಿಲ್ ಸುರಿದು ಅದನ್ನು ಮುಚ್ಚಬೇಡಿ, ಬೆಳಿಗ್ಗೆ ತಣ್ಣಗಿರುವಾಗ ಪಂಪ್ ಅದನ್ನು ಎಳೆಯಲಾರದೆ ಇನ್ನೂ ಬೇಗ ಹೋಗುತ್ತದೆ.

ಕೇಜ್ ವೀಲ್ ಅಂದಿರಲ್ಲ, ಅಲ್ಲೇ ನನಗೆ ಚಿಂತೆ. ಆಕ್ಸಲ್ ಸೀಲ್ ಸ್ವಲ್ಪ ಹೋಗಿದ್ದರೂ ಗದ್ದೆ ನೀರು ಒಳಗೆ ಇಳಿಯುತ್ತದೆ. ಡಿಪ್ ಸ್ಟಿಕ್ ಎತ್ತಿದಾಗ ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದು ನೀರೇ. ಅನುಮಾನ ಇದ್ದರೆ ಹಳೇ ತಗಡು ಚೆನ್ನಾಗಿ ಕಾಯಿಸಿ, ದೂರ ನಿಂತು ಒಂದೇ ಹನಿ ಹಾಕಿ. ಒಗ್ಗರಣೆ ಥರ ಚಟಪಟ ಅಂದರೆ ನೀರು ಸೇರಿದೆ. ಸೀಲ್ ಹಾಕಿಸದೆ ಹೊಸ ಆಯಿಲ್ ಹಾಕಿದರೆ ಸುಮ್ನೆ ದುಡ್ಡು ದಂಡ.

ಪ್ರಶ್ನೆ: ಡಂಪಿಂಗ್ ಟ್ರೇಲರ್ ಬಾಡಿಗೆಗೆ ತಂದು ಮೆಕ್ಕೆಜೋಳ ಹೊಡೆದೆವು. ಆಮೇಲೆ ನಮ್ಮ ಆಯಿಲ್ ಕಪ್ಪಾಯಿತು, ಮಟ್ಟವೂ ಇಳಿಯಿತು. ಯಾಕೆ?
– ಓದುಗರು, ರಾಣೇಬೆನ್ನೂರು

ಉತ್ತರ: ಟ್ರೇಲರ್ ಎತ್ತುವಾಗ ಜಾಕಿಗೆ ಹೋಗುವುದು ನಿಮ್ಮ ಟ್ರ್ಯಾಕ್ಟರಿನ ಆಯಿಲ್. ಇಳಿಸಿದಾಗ ವಾಪಸ್ ಬರುವುದರಲ್ಲಿ ಹಿಂದೆ ಯಾರ್ಯಾರೋ ಹಾಕಿದ್ದೂ ಸೇರಿರುತ್ತದೆ, ಅವರು ಏನು ಹಾಕಿದ್ದರೋ ಯಾರಿಗೆ ಗೊತ್ತು! ನಿಮ್ಮದು ಸ್ವಲ್ಪ ಪೈಪು, ಜಾಕಿಯಲ್ಲೇ ಉಳಿಯುತ್ತದೆ. ಕಪ್ಪಾಗಿದ್ದನ್ನು ಬದಲಿಸಿಬಿಡಿ. ಮುಂದೆ ಪೈಪ್ ಜೋಡಿಸುವ ಮೊದಲು ಎರಡೂ ಕಡೆಯ ಕಪ್ಲಿಂಗ್ ಬಟ್ಟೆಯಿಂದ ಒರೆಸಿ. ಮಟ್ಟ ನೋಡುವುದು ಸಮ ನೆಲದಲ್ಲಿ, ಎಂಜಿನ್ ನಿಲ್ಲಿಸಿ, ಲಿಫ್ಟೂ ಟ್ರೇಲರೂ ಕೆಳಗಿದ್ದಾಗ.

ಪ್ರಶ್ನೆ: ಉಳಿದ ಯುಟಿಟಿಒ ಎಂಜಿನ್ನಿಗೆ ಹಾಕಬಹುದಾ?
– ಓದುಗರು, ಮದ್ದೂರು

ಉತ್ತರ: ಬೇಡವೇ ಬೇಡ, ಅದು ಎಂಜಿನ್ನಿಗೆ ಮಾಡಿದ್ದಲ್ಲ. ಮುಚ್ಚಳ ಬಿಗಿ ಮಾಡಿ ನೆರಳಲ್ಲಿಡಿ, ಹೈಡ್ರಾಲಿಕ್ ಆಯಿಲ್ ಮಟ್ಟ ಕಮ್ಮಿಯಾದಾಗ ಅದನ್ನೇ ಸೇರಿಸಿ.