ಮಿದುಳಿನ ಊತಕ್ಕೆ ಒಂದೇ ಜೀನ್ ಇಲ್ಲ: ನಿಮ್ಮ ಲೇಖನದ ಬಗ್ಗೆ

ನಮಸ್ಕಾರ. ಮಿದುಳಿನೊಳಗೆ ರಕ್ತಸ್ರಾವವಾದಾಗ ಸುತ್ತ ಬರುವ ಊತ ಮತ್ತು ಅದರಲ್ಲಿ ಜೀನ್‌ಗಳ ಪಾತ್ರ ಕುರಿತ ನಿಮ್ಮ ಲೇಖನ ಓದಿದೆವು. ಭಾಷೆ ತಿಳಿಯಾಗಿದೆ. ಆದರೆ ಈಗಿರುವಂತೆ ಪ್ರಕಟಿಸಲಾಗದು.

‘ಮಿದುಳು ಊದಿಸುವ ಜೀನ್ ಪತ್ತೆ’ ಎಂಬ ತಲೆಬರಹದಿಂದಲೇ ತೊಡಕು ಶುರುವಾಗುತ್ತದೆ. ಊತ ಒಮ್ಮೆಗೇ ಆಗುವಂಥದ್ದಲ್ಲ. ಮೊದಲ ಕೆಲವು ಗಂಟೆ ಹೆಪ್ಪುಗಟ್ಟಿದ ರಕ್ತ ಕುಗ್ಗಿ, ಅದರ ಸೀರಂ, ಅಂದರೆ ರಕ್ತದ ತಿಳಿ ದ್ರವ, ಹಿಂಡಿ ಹೊರಬರುತ್ತದೆ. ಒಂದೆರಡು ದಿನದಲ್ಲಿ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಎಂಬ ಕಿಣ್ವ ಮತ್ತು ಉರಿಯೂತ ರಕ್ತನಾಳದ ಗೋಡೆಯನ್ನು ಸೋರುವಂತೆ ಮಾಡುತ್ತವೆ. ಆಮೇಲೆ ಕೆಂಪು ರಕ್ತಕಣಗಳು ಒಡೆದು ಹಿಮೋಗ್ಲೋಬಿನ್ ಮತ್ತು ಕಬ್ಬಿಣ ಚೆಲ್ಲುತ್ತವೆ; ಇವು ಸುತ್ತಲಿನ ಕೋಶಗಳಿಗೆ ಹಾನಿ ಮಾಡುತ್ತವೆ. ಹೀಗಾಗಿ ಊತ ಮೊದಲ ಮೂರು ದಿನ ಬೇಗ ಏರಿ, ಎರಡನೇ ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ. ಪ್ರತಿ ಜೀನನ್ನೂ ಅದು ಕೆಲಸ ಮಾಡುವ ದಿನಕ್ಕೆ ಹೊಂದಿಸಿ ಬರೆಯಿರಿ. ಲೇಖನದ ಅರ್ಧ ಗೊಂದಲ ಅಲ್ಲೇ ಬಗೆಹರಿಯುತ್ತದೆ.

ನೀವು ಒಂದೇ ಸಾಲಿನಲ್ಲಿ ಮುಗಿಸಿದ ಹ್ಯಾಪ್ಟೊಗ್ಲೋಬಿನ್ ನಿಜಕ್ಕೂ ಲೇಖನದ ಜೀವಾಳ. ಚೆಲ್ಲಿದ ಹಿಮೋಗ್ಲೋಬಿನ್ನನ್ನು ಹಿಡಿದು ಸಾಗಿಸುವ ಪ್ರೋಟೀನ್ ಅದು. 16ನೇ ವರ್ಣತಂತುವಿನಲ್ಲಿರುವ ಅದರ ಜೀನ್‌ಗೆ 1 ಮತ್ತು 2 ಎಂಬ ಎರಡು ರೂಪಗಳಿವೆ. ತಂದೆ, ತಾಯಿಯಿಂದ ಬಂದ ಎರಡೂ ಪ್ರತಿ ‘2’ ಆಗಿದ್ದರೆ ಪ್ರೋಟೀನ್‌ಗಳು ಒಂದಕ್ಕೊಂದು ಸೇರಿ ದೊಡ್ಡ ಉಂಗುರವಾಗಿ, ಕೆಲಸ ಮಂದವಾಗುತ್ತದೆ. ಭಾರತದಲ್ಲಿ ಈ ‘2’ ರೂಪವೇ ಹೆಚ್ಚು. ಹೆಚ್ಚಿನವರಲ್ಲಿ ಇರುವ ಗುರುತು ರೋಗಿಗಳನ್ನು ಬೇರ್ಪಡಿಸಲು ಅಷ್ಟಾಗಿ ನೆರವಾಗದು ಎಂಬುದನ್ನು ನಮ್ಮ ಓದುಗರಿಗೆ ಹೇಳಲೇಬೇಕು. ಜೊತೆಗೆ, ಇದು ಒಂದಕ್ಷರದ ಬದಲಾವಣೆಯಲ್ಲ, ಜೀನ್‌ನ ಒಂದು ತುಂಡು ಎರಡು ಸಲ ಬಂದಿರುವುದು. ಒಂದಕ್ಷರದ ಬದಲಾವಣೆಗಳನ್ನಷ್ಟೇ ಹುಡುಕುವ ಸಾಮಾನ್ಯ ಜೀನ್ ಚಿಪ್ ಪರೀಕ್ಷೆಯಲ್ಲಿ ನೇರವಾಗಿ ಕಾಣದು.

‘ಅಕ್ವಾಪೊರಿನ್-4 ಮುಚ್ಚಿದರೆ ಊತ ನಿಲ್ಲುತ್ತದೆ’ ಎಂದಿದ್ದೀರಿ. ಮಿದುಳಿನ ಕೋಶಗಳ ಪೊರೆಯಲ್ಲಿರುವ ಈ ನೀರಿನ ಕಾಲುವೆ ಎರಡೂ ದಿಕ್ಕಿನದು: ನೀರನ್ನು ಒಳಗೂ ಬಿಡುತ್ತದೆ, ಹೊರಗೂ ಬಿಡುತ್ತದೆ. ಅದಿಲ್ಲದ ಇಲಿಗಳಲ್ಲಿ ಜೀವಕೋಶ ಉಬ್ಬುವ ಊತ ಕಡಿಮೆಯಾಯಿತು. ರಕ್ತನಾಳ ಸೋರಿ ಆಗುವ ಊತ ಹೆಚ್ಚಾಯಿತು. ರಕ್ತಸ್ರಾವದಲ್ಲಿ ಎರಡೂ ಇರುತ್ತವೆ.

ಕೊಬ್ಬು ಸಾಗಿಸುವ ಪ್ರೋಟೀನ್ ತಯಾರಿಸುವ ಎಪಿಒಇ (APOE) ಜೀನ್‌ನ ಪ್ಯಾರಾ ಚಿಕ್ಕದಾಗಲಿ. ಅದರ ಎಪ್ಸಿಲಾನ್ 2 ಮತ್ತು 4 ರೂಪಗಳ ಗಟ್ಟಿ ಸಂಬಂಧ ಇರುವುದು ಮಿದುಳಿನ ಹೊರಪದರದ ಬಳಿಯ ರಕ್ತಸ್ರಾವದ ಜೊತೆ, ಊತದ ಜೊತೆಗಲ್ಲ.

ಅಳತೆಯ ತಪ್ಪು ಇನ್ನೂ ಗಂಭೀರ. ಊತವನ್ನು ಹೆಪ್ಪಿನ ಗಾತ್ರದಿಂದ ಭಾಗಿಸಿ ಹೋಲಿಸಿದ್ದೀರಿ. 30 ಮಿ.ಲೀ. ಹೆಪ್ಪಿಗೆ 30 ಮಿ.ಲೀ. ಊತವಿದ್ದರೆ ಅನುಪಾತ 1. 10ಕ್ಕೆ 15 ಇದ್ದರೆ 1.5. ಎರಡೂ ಹೆಪ್ಪುಗಳನ್ನು ಗೋಳವೆಂದು ಹಿಡಿದು, ಅದರ ಸುತ್ತ ಕವಚದಂತಿರುವ ಊತದ ದಪ್ಪ ಲೆಕ್ಕ ಹಾಕಿ: ಎರಡರಲ್ಲೂ ಸುಮಾರು ಅರ್ಧ ಸೆಂ.ಮೀ. ಸಣ್ಣ ಹೆಪ್ಪಿಗೆ ಅನುಪಾತ ತಾನಾಗಿಯೇ ದೊಡ್ಡದು. ಅದನ್ನು ಜೀನ್‌ನ ಪ್ರಭಾವ ಎಂದು ಓದಬಾರದು. ಯಾವ ದಿನದ ಸಿಟಿ ಸ್ಕ್ಯಾನ್ ಎಂಬುದನ್ನೂ ಬರೆಯಿರಿ. ಮೊದಲ ದಿನವನ್ನು ಐದನೇ ದಿನದೊಂದಿಗೆ ಹೋಲಿಸಿದರೆ ಅರ್ಥವಿಲ್ಲ.

ಕಬ್ಬಿಣ ಹಿಡಿಯುವ ಡಿಫೆರಾಕ್ಸಮಿನ್ ‘ಪರಿಹಾರ’ ಎಂಬ ಸಾಲನ್ನು ತೆಗೆಯಿರಿ. ದಿನಕ್ಕೆ ಕಿಲೋಗೆ 32 ಮಿ.ಗ್ರಾಂ.ನಂತೆ ಮೂರು ದಿನ ಕೊಟ್ಟ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು: ಔಷಧ ಸುರಕ್ಷಿತ, ಆದರೆ 90 ದಿನಗಳ ಚೇತರಿಕೆಯಲ್ಲಿ ನಿರೀಕ್ಷಿತ ಲಾಭ ಕಾಣಲಿಲ್ಲ.

ಕೊನೆಯ ‘ಜೀನ್ ಪರೀಕ್ಷೆ ಮಾಡಿಸಿಕೊಳ್ಳಿ’ ಎಂಬ ಸಲಹೆಯನ್ನು ನಾವು ಖಂಡಿತ ಹಾಕುವುದಿಲ್ಲ. ಭಯದಲ್ಲಿರುವ ಮನೆಯವರು ಅದನ್ನು ನಂಬಿ ದುಡ್ಡು ಕಳೆದುಕೊಳ್ಳುತ್ತಾರೆ. ಇಂದು ಯಾವ ಜೀನ್ ಇದ್ದರೂ ಚಿಕಿತ್ಸೆ ಒಂದೇ. ಆ ಜಾಗದಲ್ಲಿ ತುರ್ತಾಗಿ ಆಸ್ಪತ್ರೆ ಸೇರುವುದು, ರಕ್ತದೊತ್ತಡ ಹತೋಟಿಗೆ ತರುವುದು, ರಕ್ತ ತೆಳುವಾಗಿಸುವ ಮಾತ್ರೆಯ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳುವುದು, ಈ ಮೂರನ್ನು ಬರೆದು ಮತ್ತೆ ಕಳಿಸಿ.