ಮಾವಿನ ಹಣ್ಣು ಬೆರೆಸಿದ ಕೋಳಿ ಸೂಪು ಒಡೆಯದಿರಲು

ಪ್ರಶ್ನೆ: ನಮ್ಮ ತೋಟದಲ್ಲಿ ಮಾವು ಚೆನ್ನಾಗಿ ಬಂದಿದೆ. ಹೋಟೆಲೊಂದರಲ್ಲಿ ಕುಡಿದಿದ್ದ, ಹಣ್ಣು ಬೆರೆಸಿದ ಕೆನೆಭರಿತ ಕೋಳಿ ಸೂಪನ್ನು ಮನೆಯಲ್ಲಿಯೇ ಮಾಡಲು ಹೋಗಿ, ಕುದಿಯುತ್ತಿದ್ದ ಕೋಳಿ ರಸಕ್ಕೆ ತೋತಾಪುರಿ ದೋರೆಗಾಯಿಯ ಹೋಳುಗಳನ್ನೂ ಫ್ರಿಜ್ಜಿನಿಂದ ತೆಗೆದ ಹಾಲನ್ನೂ ಒಟ್ಟಿಗೆ ಸುರಿದೆ. ರುಚಿಗೆಂದು ಅರ್ಧ ನಿಂಬೆಹಣ್ಣನ್ನೂ ಹಿಂಡಿದೆ. ಎರಡೇ ನಿಮಿಷದಲ್ಲಿ ಬಿಳಿ ಚೂರುಗಳು ತೇಲತೊಡಗಿದವು. ಹಾಲಿಗೂ ಹಣ್ಣಿಗೂ ಆಗಿಬರುವುದಿಲ್ಲವೆಂದು ಅತ್ತೆಯವರು ಮೊದಲೇ ಹೇಳಿದ್ದರು. ತಪ್ಪಿದ್ದು ಎಲ್ಲಿ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಹಾಲಿನೊಡನೆ ಹುಳಿ ಪದಾರ್ಥ ಸೇರಬಾರದೆಂದು ಚರಕಸಂಹಿತೆಯೂ ಹೇಳುತ್ತದೆ, ನಿಮ್ಮ ಸೂಪು ಕೆಟ್ಟಿರುವುದೂ ಹುಳಿಯಿಂದಲೇ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಹುಳಿ ತಗುಲಿದೊಡನೆ ಗುಂಪುಗಟ್ಟುತ್ತದೆ; ಹಾಲು ಬಿಸಿಯಾದಷ್ಟೂ ಅದಕ್ಕೆ ಸ್ವಲ್ಪ ಹುಳಿಯೇ ಸಾಕಾಗುತ್ತದೆ. ಕುದಿಯುವ ಹಾಲಿಗೆ ನಿಂಬೆರಸ ಬಿಟ್ಟು ಪನೀರು ತೆಗೆಯುವುದು ಹೀಗೆಯೇ ಅಲ್ಲವೇ? ನೀವು ಅದನ್ನು ಕೋಳಿ ರಸದಲ್ಲಿ ಮಾಡಿದಂತಾಯಿತು.

ಮೊದಲು ಹಣ್ಣನ್ನು ಬದಲಾಯಿಸಿರಿ. ತೋತಾಪುರಿಗೆ ಹಣ್ಣಾದ ಮೇಲೂ ಒಂದಿಷ್ಟು ಹುಳಿ ಉಳಿದಿರುತ್ತದೆ, ದೋರೆಗಾಯಿಯಂತೂ ಉಪ್ಪು ಖಾರಕ್ಕೇ ಸರಿ. ತೊಟ್ಟಿನ ಬಳಿ ಮೂಗಿಟ್ಟರೆ ಘಮ್ಮೆನ್ನುವ, ಬೆರಳಿಗೆ ಮೆತ್ತಗಾದ ಬಾದಾಮಿ ಅಥವಾ ಮಲ್ಲಿಕಾ ಈ ಸೂಪಿಗೆ ಒಪ್ಪುತ್ತದೆ. ರಸಪುರಿ ನನಗೆ ಬಲು ಪ್ರಿಯವಾದರೂ ಅದರ ನಾರನ್ನು ಸೋಸುವ ತಾಳ್ಮೆ ನನಗಿಲ್ಲ.

ಎರಡನೆಯದಾಗಿ, ಹಾಲಿನ ಬದಲು ಫ್ರೆಶ್ ಕ್ರೀಮ್ ಬಳಸಿರಿ. ಅದರಲ್ಲಿ ಕೊಬ್ಬು ಹೆಚ್ಚು, ಪ್ರೋಟೀನು ಕಡಿಮೆ, ಆದ್ದರಿಂದ ಅಷ್ಟು ಸುಲಭವಾಗಿ ಒಡೆಯುವುದಿಲ್ಲ. ನಾಲ್ಕು ಜನರಿಗಾಗುವಷ್ಟು ಸೂಪಿಗೆ ಮೂಳೆಸಹಿತ ಅರ್ಧ ಕೆಜಿ ಕೋಳಿ ಮಾಂಸವನ್ನು ಒಂದು ಲೀಟರ್ ನೀರು, ಒಂದು ಈರುಳ್ಳಿ, ಒಂದು ತುಂಡು ಶುಂಠಿ ಮತ್ತು ಏಳೆಂಟು ಕಾಳುಮೆಣಸಿನೊಡನೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ, ರಸವನ್ನು ಸೋಸಿಕೊಂಡು, ಮಾಂಸವನ್ನು ಮೂಳೆಯಿಂದ ಬಿಡಿಸಿಟ್ಟುಕೊಳ್ಳಿರಿ. ನಾಟಿ ಕೋಳಿಯಾದರೆ ಕುಕ್ಕರಿನಲ್ಲಿ ಮೆತ್ತಗಾಗುವವರೆಗೂ ಬೇಯಿಸಬೇಕು. ದಪ್ಪ ತಳದ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಬೆಣ್ಣೆ ಕರಗಿಸಿ, ಅಷ್ಟೇ ಮೈದಾ ಹಾಕಿ, ಹಸಿ ವಾಸನೆ ಹೋಗುವವರೆಗೆ, ಆದರೆ ಬಣ್ಣ ತಿರುಗುವ ಮುನ್ನ, ಹುರಿಯಿರಿ. ಈಗ ಅವಸರ ಬೇಡ: ರಸವನ್ನು ಒಂದೊಂದೇ ಸೌಟು ಬಿಡುತ್ತಾ, ಪ್ರತಿ ಸಲವೂ ಗಂಟಿಲ್ಲದಂತೆ ಕಲಸಿಕೊಂಡು, ಮಾಂಸ ಸೇರಿಸಿ ಹತ್ತು ನಿಮಿಷ ಕುದಿಸಿರಿ. ಮೈದಾದ ಪಿಷ್ಟ ಸೂಪನ್ನು ಗಟ್ಟಿಯಾಗಿಸುವುದಲ್ಲದೆ, ಕೆನೆಯ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆಯೂ ತಡೆಯುತ್ತದೆ.

ಒಲೆ ಆರಿಸಿದ ಮೇಲೆಯೇ 100 ಮಿಲಿ ಕ್ರೀಮಿಗೆ ಎರಡು ಸೌಟು ಬಿಸಿ ಸೂಪು ಬೆರೆಸಿ ಹದ ಮಾಡಿಕೊಂಡು ಪಾತ್ರೆಗೆ ಸೇರಿಸಿರಿ. ನುಣ್ಣಗೆ ರುಬ್ಬಿದ ಅರ್ಧ ಬಟ್ಟಲು ಮಾವಿನ ತಿರುಳು ಎಲ್ಲಕ್ಕಿಂತ ಕೊನೆಗೆ. ಆಮೇಲೆ ಕುದಿಸಬಾರದು. ಹುಳಿ ಬೇಕೆನ್ನುವವರು ನಿಂಬೆಯನ್ನು ತಮ್ಮ ಬಟ್ಟಲಿಗೆ ಮಾತ್ರ ಹಿಂಡಿಕೊಳ್ಳಲಿ.

ಒಡೆದ ಸೂಪನ್ನು ಚೆಲ್ಲಬೇಕಾಗಿರಲಿಲ್ಲ. ಹಾಲು ಹಳಸಿರದಿದ್ದರೆ ಅದು ನಿರಪಾಯಕಾರಿ. ಸೋಸಿ, ತಿಳಿಯನ್ನೇ ಮೆಣಸಿನೊಡನೆ ಕುಡಿಯಬಹುದಿತ್ತು.

ಪ್ರಶ್ನೆ: ಮಾವಿನ ಕಾಲ ಮುಗಿದ ಮೇಲೆ ಇದೇ ಸೂಪಿಗೆ ದ್ರಾಕ್ಷಿ ಅಥವಾ ಅನಾನಸ್ ಹಾಕಬಹುದೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ನಿಮ್ಮ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ಬೇಡ, ದಪ್ಪ ಸಿಪ್ಪೆ, ಬೀಜ, ಜೊತೆಗೆ ಸೂಪೆಲ್ಲ ನೇರಳೆಯಾಗುತ್ತದೆ. ಬೀಜವಿಲ್ಲದ ಸಿಹಿ ಹಸಿರು ದ್ರಾಕ್ಷಿಯನ್ನು ಎರಡಾಗಿ ಸೀಳಿ, ಬಡಿಸುವಾಗ ಬಟ್ಟಲಿಗೆ ಹಾಕಿದರೆ ಚೆನ್ನ. ಹಸಿ ಅನಾನಸಿನಲ್ಲಿರುವ ಬ್ರೊಮೆಲೇನ್ ಎಂಬ ಕಿಣ್ವ ಪ್ರೋಟೀನನ್ನು ಕತ್ತರಿಸುವುದರಿಂದ ಕೆನೆ ಕಹಿಯಾಗುತ್ತದೆ, ಬೇಯಿಸಿದರೆ ಕಿಣ್ವ ಸಾಯುತ್ತದೆಯಾದರೂ ಹುಳಿ ಉಳಿಯುತ್ತದೆ. ನನ್ನನ್ನು ಕೇಳಿದರೆ ಸೇಬೇ ಲೇಸು: ತಮಿಳಿನ ‘ಮಿಳಗು ತಣ್ಣೀರ್’, ಅಂದರೆ ಮೆಣಸಿನ ನೀರು, ಬ್ರಿಟಿಷರ ಕೈಸೇರಿ ಮಲಿಗಟಾನಿ ಸೂಪಾದಾಗ ಅದಕ್ಕೆ ಕೋಳಿಯೊಡನೆ ಸೇಬೂ ಸೇರಿಕೊಂಡಿತು. ಒಂದು ಸೇಬಿನ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ಮೈದಾ ಹಾಕುವ ಮೊದಲೇ ಬೆಣ್ಣೆಯಲ್ಲಿ ಬಾಡಿಸಿಕೊಳ್ಳಿರಿ. ಕೆನೆ ಒಲ್ಲದ ಮನೆಗಳಲ್ಲಿ ಅರ್ಧ ಹೋಳು ತೆಂಗಿನಕಾಯಿಯ ಗಟ್ಟಿ ಹಾಲನ್ನು, ಒಲೆ ಆರಿಸಿದ ಮೇಲೆಯೇ, ಬೆರೆಸಬಹುದು.